ಕ್ಯಾನಿನ ತಳದಲ್ಲಿ ಆ ಗೆರೆ ಯಾಕಿದೆ?

[ದೃಶ್ಯ: ಕಾರವಾರದ ಬೈತಖೋಲ್ ಬಂದರು. ದೋಣಿಗೆ ಏರುತ್ತಿರುವ ನೀರಿನ ಕ್ಯಾನ್‌ಗಳು]

ನಮಸ್ಕಾರ. ಮೀನಿಗೆ ಹೋಗುವ ದೋಣಿಯಲ್ಲಿ ಇಂಥ ಕ್ಯಾನ್ ಇದ್ದೇ ಇರುತ್ತದೆ. ಒಂದನ್ನು ಬೋರಲು ಹಾಕಿ ನೋಡಿ. ತಳದ ನಡುವೆ ಉದ್ದಕ್ಕೆ ಒಂದು ಗೆರೆ. ಹಿಡಿಕೆಯೂ ಟೊಳ್ಳು, ಎಲ್ಲೂ ಅಂಟಿಸಿದ ಗುರುತಿಲ್ಲ. ಇಷ್ಟು ಸಣ್ಣ ಬಾಯಿಯ ಕ್ಯಾನಿಗೆ ಇಷ್ಟು ದೊಡ್ಡ ಹೊಟ್ಟೆ ಬಂದದ್ದು ಗಾಳಿ ಊದಿ. ಇದೇ ಬ್ಲೋ ಮೋಲ್ಡಿಂಗ್.

[ದೃಶ್ಯ: ಯಂತ್ರದ ಅನಿಮೇಷನ್]

ಕ್ಯಾನಿಗೆ ಬಳಸುವುದು ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್. ತಳದ ತ್ರಿಕೋನದೊಳಗೆ 2 ಎಂದು ಬರೆದಿರುತ್ತದಲ್ಲ, ಅದು. ದಾಣಾ, ಅಂದರೆ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು, ಹಾಪರ್ ಎಂಬ ಆಲಿಕೆಗೆ ಬೀಳುತ್ತದೆ, ಸ್ಕ್ರೂ ಅದನ್ನು ಮುಂದೆ ತಳ್ಳುತ್ತ ಹೋಗುತ್ತದೆ. ಸುಮಾರು 180ರಿಂದ 200 ಡಿಗ್ರಿಯಲ್ಲಿ ಕರಗಿದ ಪ್ಲಾಸ್ಟಿಕ್, ಚಕ್ಕುಲಿ ಒರಳಿನಿಂದ ಹಿಟ್ಟು ಇಳಿದ ಹಾಗೆ ಕೆಳಗಿಳಿಯುತ್ತದೆ. ಆದರೆ ಟೊಳ್ಳು ಕೊಳವೆಯಾಗಿ. ಇದಕ್ಕೆ ಪ್ಯಾರಿಸನ್ ಎಂದು ಹೆಸರು.

ಅಚ್ಚಿನ ಎರಡು ಹೋಳು ಎರಡೂ ಕಡೆಯಿಂದ ಬಂದು ಕೊಳವೆಯನ್ನು ಕಚ್ಚಿ ಹಿಡಿಯುತ್ತವೆ. ಕೆಳತುದಿ ಚಿವುಟಿಕೊಂಡು ಬೆಸೆಯುತ್ತದೆ. ನೀವು ಕಂಡ ಗೆರೆ ಇದೇ! ಆಮೇಲೆ ಸುಮಾರು 6ರಿಂದ 10 ಬಾರ್ ಒತ್ತಡದ ಗಾಳಿ ಒಳಗೆ ನುಗ್ಗುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ), ಕೊಳವೆ ಉಬ್ಬಿ ಅಚ್ಚಿನ ಗೋಡೆಗೆ ಅಂಟುತ್ತದೆ.

[ದೃಶ್ಯ: ಸೀಳಿದ ಕ್ಯಾನ್. ಮೂಲೆ ಹತ್ತಿರದಿಂದ]

ನನಗೆ ಬಹಳ ಹಿಡಿಸುವ ಭಾಗ ಈಗ ಬರುತ್ತದೆ. ಅಚ್ಚಿನೊಳಗೆ ತಣ್ಣೀರು ಹರಿಯುತ್ತಿರುತ್ತದೆ. ಪ್ಲಾಸ್ಟಿಕ್ ಗೋಡೆಗೆ ತಾಗಿದ ಜಾಗದಲ್ಲೇ ಗಟ್ಟಿಯಾಗತೊಡಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಮೂಲೆಗೆ ತಲುಪುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರಲ್ಲಿ ಉಳಿದದ್ದೇ ಎಳೆದುಕೊಂಡು ಹೋಗಬೇಕು. ಹಾಗಾಗಿ ಇಲ್ಲಿ ನೋಡಿ, ಪಕ್ಕ ದಪ್ಪ, ಮೂಲೆ ತೆಳು. ಒಳ್ಳೆಯ ಯಂತ್ರದಲ್ಲಿ ಕೊಳವೆ ಇಳಿಯುವಾಗಲೇ ಅದರ ದಪ್ಪವನ್ನು ಅಲ್ಲಲ್ಲಿ ಹೆಚ್ಚುಕಡಿಮೆ ಮಾಡುತ್ತಾರೆ. ಕ್ಯಾನ್ ಕೊಳ್ಳುವಾಗ ಮೂಲೆಗಳನ್ನು ಹೆಬ್ಬೆರಳಿನಿಂದ ಒತ್ತಿ, ತಳದ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಕ್ಯಾನ್ ಬಿದ್ದಾಗ ಬಿರುಕು ಬಿಡುವ ಭಯ ಹೆಚ್ಚಿರುವುದು ಇಲ್ಲೇ.

ಅಂಚಿನಲ್ಲಿ ಉಳಿದ ತುಂಡನ್ನು ಕತ್ತರಿಸಿ, ಪುಡಿಮಾಡಿ, ಹೊಸ ದಾಣಾ ಜೊತೆ ಮತ್ತೆ ಬೆರೆಸುತ್ತಾರೆ.

[ದೃಶ್ಯ: ಶಿರಸಿಯ ಒಂದು ಅಡುಗೆಮನೆ. ಮುರುಗಲು ಸಿರಪ್, ಖಾಲಿ ನೀರಿನ ಬಾಟಲಿ]

ಇನ್ನು ನೀರಿನ ಬಾಟಲಿ. ಇದರ ತಳದಲ್ಲಿ ಗೆರೆ ಇಲ್ಲ, ನಡುವೆ ಒಂದು ಚುಕ್ಕೆ. ಇದು ಪೆಟ್ ಪ್ಲಾಸ್ಟಿಕ್. ಮೊದಲು ಪ್ರಿಫಾರ್ಮ್ ಎಂಬ ದಪ್ಪ ನಳಿಕೆ ಎರಕವಾಗುತ್ತದೆ. ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ಹೊಕ್ಕ ಜಾಗವೇ ಆ ಚುಕ್ಕೆ. ಅದನ್ನು ಸುಮಾರು 100 ಡಿಗ್ರಿಗೆ ಕಾಯಿಸಿ, ಒಳಗೆ ಸರಳು ತೂರಿಸಿ ಉದ್ದಕ್ಕೆ ಎಳೆದು, 25ರಿಂದ 40 ಬಾರ್ ಗಾಳಿಯಲ್ಲಿ ಉಬ್ಬಿಸುತ್ತಾರೆ. ಹೀಗೆ ಎರಡೂ ದಿಕ್ಕಿಗೆ ಎಳೆದದ್ದರಿಂದಲೇ ಇಷ್ಟು ತೆಳುವಾದ ಬಾಟಲಿ ಸೋಡಾದ ಒತ್ತಡ ತಡೆಯುತ್ತದೆ.

ಬಿಸಿಯನ್ನು ಮಾತ್ರ ತಡೆಯುವುದಿಲ್ಲ. 70 ಡಿಗ್ರಿಯ ಆಸುಪಾಸಿನಲ್ಲಿ ಪೆಟ್ ಮೆತ್ತಗಾಗಿ, ಎಳೆದ ಬಾಟಲಿ ಮುದುಡುತ್ತದೆ. ಒಲೆಯಿಂದ ಇಳಿಸಿದ ಸಿರಪ್ಪನ್ನು ಪೂರ್ತಿ ಆರಿಸಿಯೇ ತುಂಬಿ.