ಮಚ್ಛರ್ ಸಿಂಗ್‌ನಲ್ಲಿ ಅರ್ಥ ಹುಡುಕಬೇಡಿ

ಎಂಬತ್ತರ ದಶಕದ ಚೀಪ್ ದೆವ್ವದ ಸಿನಿಮಾ ಅಂದ್ರೆ ಕೆಲವರಿಗೆ ಬರೀ ನಗು: ರಬ್ಬರ್ ಮುಖ, ಹೊಗೆ, ಸುಮ್ಮಸುಮ್ಮನೆ ಕಿರ್ರ್ ಅನ್ನೋ ಬಾಗಿಲು. ಇನ್ನು ಕೆಲವರು ಅದೇ ಬಾಗಿಲಲ್ಲಿ ದೊಡ್ಡ ತತ್ವ ಕಾಣ್ತಾರೆ. ನನ್ನ ಕೇಳಿದ್ರೆ, ಅರ್ಥ ಇದೆ ಕಣ್ರೀ. ಆದ್ರೆ ಯಾರೂ ಬಚ್ಚಿಟ್ಟಿಲ್ಲ. ಬಚ್ಚಿಡೋಷ್ಟು ಪುರುಸೊತ್ತೇ ಸಿನಿಮಾ ತೆಗೆದವರಿಗೆ ಇರಲಿಲ್ಲ.

1984ನ್ನೇ ತಗೊಳ್ಳಿ. ಹಿಂದಿಯಲ್ಲಿ ದೆವ್ವದ ಸಿನಿಮಾಗಳಿಗೇ ಹೆಸರಾದ ರಾಮ್ಸೆ ಸಹೋದರರ ‘ಪುರಾನಾ ಮಂದಿರ್’ ಬಂತು. ಸಾಮ್ರಿ ಅನ್ನೋ ರಾಕ್ಷಸನ ತಲೆ ಕಡಿಸಿದ ರಾಜನ ವಂಶಕ್ಕೆ ಶಾಪ, ಆ ಮನೆ ಹೆಣ್ಣುಮಕ್ಕಳು ಹೆರಿಗೆಯಲ್ಲೇ ಸಾಯ್ತಾರೆ. ಅದಕ್ಕೇ ಅಪ್ಪ ಠಾಕೂರ್ ಮಗಳ ಪ್ರೀತಿಗೆ ಅಡ್ಡ ಬರ್ತಾನೆ. ಅದೇ ವರ್ಷ ಅಮೆರಿಕದಲ್ಲಿ ವೆಸ್ ಕ್ರೇವನ್ ಅವರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’. ಅಲ್ಲಿ ಅಪ್ಪ ಅಮ್ಮಂದಿರೇ ಸೇರಿ, ಮಕ್ಕಳನ್ನ ಕೊಲ್ತಿದ್ದ ಫ್ರೆಡ್ಡಿಯನ್ನ ಸುಟ್ಟು ಬಾಯಿ ಮುಚ್ಕೊಂಡಿದ್ದಾರೆ, ಅವನು ಅವರ ಮಕ್ಕಳ ಕನಸಿಗೆ ಬಂದು ಕೊಲ್ತಾನೆ. ‘ಪುರಾನಾ ಮಂದಿರ್’ ಇದರ ಕಾಪಿ ಅಲ್ಲ, ರಾಮ್ಸೆಗಳು ಇದರಿಂದ ಕಥೆ ಎತ್ತಿದ್ದು ಆಮೇಲೆ, ‘ಮಹಾಕಾಲ್’ನಲ್ಲಿ. ಎರಡರಲ್ಲೂ ಹಿರಿಯರು ಮಾಡಿದ್ದನ್ನ ಮಕ್ಕಳು ಉಣ್ತಾರೆ. ಜಾತಿ ಬೇರೆ ಅಂತ ಮದುವೆ ಮುರಿಸಿಕೊಂಡ ಯಾವ ಹುಡುಗಿಗೂ ಆ ಠಾಕೂರ್‌ನ ಪರಿಚಯ ಮಾಡಿಸಬೇಕಾಗಿಲ್ಲ. ಹಾಗಂತ ರಾಮ್ಸೆಗಳು ಸ್ತ್ರೀಪರ ಅಂದ್ಬಿಡಬೇಡಿ. ಆ ಹುಡುಗಿಯನ್ನ ಅವರ ಕ್ಯಾಮೆರಾ ನೋಡೋ ರೀತಿ ಠಾಕೂರ್‌ಗಿಂತ ಕಡೆ.

ನನಗೆ ನಿಜವಾಗ್ಲೂ ಭಯ ಆಗೋದು 1982ರ ‘ಪೋಲ್ಟರ್‌ಗೈಸ್ಟ್’. ಸ್ಪೀಲ್‌ಬರ್ಗ್ ನಿರ್ಮಾಣ, ಹಾಗಾಗಿ ಚೀಪ್ ಅಲ್ಲ, ಆದ್ರೆ ಕೂಗಾಟಕ್ಕೇನೂ ಕಮ್ಮಿ ಇಲ್ಲ. ಬಿಲ್ಡರ್ ಸ್ಮಶಾನದ ಮೇಲೆ ಲೇಔಟ್ ಮಾಡಿದ್ದಾನೆ. ಸಮಾಧಿ ಕಲ್ಲು ಮಾತ್ರ ಸಾಗಿಸಿ ಹೆಣಗಳನ್ನ ಅಲ್ಲೇ ಬಿಟ್ಟಿದ್ದಾನೆ. ದೆವ್ವ ಕಾಡೋದು ಯಾರಿಗೆ? ಅದೇ ಲೇಔಟಿನ ಮನೆಗಳನ್ನ ಮಾರೋ ನೌಕರನ ಮನೆಯವರಿಗೆ! ಬೆಂಗಳೂರಲ್ಲಿ ಕೂತು ಇದನ್ನ ನೋಡೋದೇ ಬೇರೆ. ಇಲ್ಲಿ ಸ್ಮಶಾನದ ಬದಲು ಕೆರೆ: ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋದು ಧರ್ಮಾಂಬುಧಿ ಕೆರೆ ಮೇಲೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಮೇಲೆ. ಕೆರೆ ಹೋಯ್ತು, ನೀರಿಗೆ ಮಾತ್ರ ದಾರಿ ನೆನಪಿದೆ. 2022ರ ಸೆಪ್ಟೆಂಬರ್ ಮಳೆಗೆ ಯಮಲೂರಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಆಚೆ ಬಂದ್ರು. ಇದನ್ನ ರಾಮ್ಸೆಗಳು ತೆಗೆದಿದ್ರೆ ಓವರ್ ಆಯ್ತು ಅಂತಿದ್ವಿ.

ಹಾಗಂತ ಎಲ್ಲದಕ್ಕೂ ಅರ್ಥ ಕಟ್ಟೋಕೆ ಹೋಗಬೇಡಿ. ‘ಪುರಾನಾ ಮಂದಿರ್’ ಮಧ್ಯೆ ಹಾಸ್ಯನಟ ಜಗದೀಪ್ ‘ಶೋಲೆ’ಯ ಗಬ್ಬರ್ ಸಿಂಗ್‌ನ ಅಣಕು ಮಾಡ್ಕೊಂಡು ಮಚ್ಛರ್ ಸಿಂಗ್ ಆಗಿ ಬರ್ತಾರಲ್ಲ, ಅದು ಟಿಕೆಟ್ ತಗೊಂಡೋರನ್ನ ನಗಿಸೋಕೆ, ಅಷ್ಟೇ. ಅದ್ರಲ್ಲೂ ಊಳಿಗಮಾನ್ಯ ವ್ಯವಸ್ಥೆಯ ವಿಮರ್ಶೆ ಇದೆ ಅನ್ನೋರು ಬನ್ನಿ, ಕಾಫಿ ನನ್ನದು, ಕೂತು ಜಗಳ ಆಡೋಣ.