ಮೊದಲು ಮೂಲೆ ನೋಡಿ

ಎಲ್ಲರಿಗೂ ನಮಸ್ಕಾರ. ಆರನೆಯ, ಏಳನೆಯ ತರಗತಿಯ ಮಕ್ಕಳು, ಅವರಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವ ತಂದೆತಾಯಿಯರು ಕೇಳುತ್ತಿದ್ದೀರಿ ಎಂದುಕೊಂಡು ಮಾತನಾಡುತ್ತೇನೆ. ಪುಸ್ತಕ ಮುಚ್ಚಿಡಿ, ಈಗ ಅದು ಬೇಡ.

ಚೌಕ ಎಂದರೇನು ಎಂದು ಕೇಳಿದರೆ, ‘ನಾಲ್ಕೂ ಬಾಹುಗಳು ಸಮ’ ಎಂದು ಮಕ್ಕಳು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಅಷ್ಟು ಸಾಲದು. ನಾಲ್ಕು ಪೊರಕೆಕಡ್ಡಿಗಳನ್ನು ಒಂದೇ ಉದ್ದಕ್ಕೆ ಮುರಿದು, ತುದಿಗಳನ್ನು ದಾರದಿಂದ ಕಟ್ಟಿ ಚೌಕ ಮಾಡಿ. ಎದುರುಬದುರಿನ ಎರಡು ಮೂಲೆಗಳನ್ನು ಹಿಡಿದು ಮೆಲ್ಲಗೆ ಎಳೆಯಿರಿ. ಕಡ್ಡಿಗಳ ಉದ್ದ ಇದ್ದಷ್ಟೇ ಇದೆ, ಚೌಕ ಮಾತ್ರ ಹೋಗಿ ವಜ್ರಾಕೃತಿ ಬಂದಿದೆ. ಬದಲಾದದ್ದು ಮೂಲೆ. ಬಾಹುವನ್ನು ಆಮೇಲೆ ಅಳೆಯಿರಿ, ಮೊದಲು ಮೂಲೆ ನೋಡಿ. ಅದು ಸರಿಯಾಗಿ 90 ಡಿಗ್ರಿ ಇದ್ದರೆ ಲಂಬಕೋನ, ಕಿರಿದಾದರೆ ಲಘುಕೋನ, ಅಗಲವಾದರೆ ವಿಶಾಲಕೋನ.

ನಮ್ಮ ಬೀದಿಯಲ್ಲಿ ಒಂದು ಮನೆಗೆ ಪಾಯದ ಗುರುತು ಹಾಕುವಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೇಸ್ತ್ರಿ ಗೂಟ ಹೊಡೆದು, ಒಂದೇ ಮೂಲೆಯಿಂದ ಎರಡು ದಾರಗಳನ್ನು ಬಿಗಿದಿದ್ದರು. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು. ಆ ಎರಡು ಗುರುತುಗಳ ನಡುವೆ ಟೇಪು ಹಿಡಿದರೆ 5 ಅಡಿ ಬರಬೇಕು. ಬಂದದ್ದು 5 ಅಡಿ 1 ಅಂಗುಲ. ‘ಮೂಲೆ ಬಿಚ್ಚಿಕೊಂಡಿದೆ’ ಎಂದು ಅವರು ಗೂಟ ಕೀಳಲು ಹೊರಟರು. ನಮ್ಮ ಹುಡುಗಿಯೊಬ್ಬಳು, ‘ಒಂದೇ ಅಂಗುಲ ತಾನೇ, ಇರಲಿ ಬಿಡಿ ಅಣ್ಣಾ’ ಎಂದಳು. ‘ಇಲ್ಲಿ ಬಿಟ್ಟರೆ ಟೈಲ್ಸ್ ಹಾಕುವವನು ಬೈಯುವುದು ನನ್ನನ್ನೇ ಕಣಮ್ಮ!’ ಅವರ ಮಾತು ನಿಜ. ಆ ಒಂದು ಅಂಗುಲವೆಂದರೆ ಮೂಲೆಯಲ್ಲಿ ಎರಡು ಡಿಗ್ರಿ. ಮೂವತ್ತು ಅಡಿ ಗೋಡೆಯ ತುದಿಗೆ ಹೋಗುವಷ್ಟರಲ್ಲಿ ಅದೇ ಒಂದು ಅಡಿಯ ಓರೆ. ಗೋಡೆಯುದ್ದಕ್ಕೂ ಟೈಲ್ಸನ್ನು ಓರೆಯಾಗಿ ಕತ್ತರಿಸುತ್ತಾ ಕೂರಬೇಕು. ಗೂಟ ಒಳಕ್ಕೆ ಸರಿದು, ಟೇಪು 5 ಅಡಿಗೆ ಬರುವವರೆಗೆ ಮಕ್ಕಳು ಅಲ್ಲಿಂದ ಕದಲಲಿಲ್ಲ. 3ರ ವರ್ಗ 9, 4ರ ವರ್ಗ 16, ಕೂಡಿದರೆ 25, ಅದು 5ರ ವರ್ಗ. ಶಾಲೆಯಲ್ಲಿ ಉರು ಹೊಡೆಯುವ ಪೈಥಾಗೊರಸ್ ಪ್ರಮೇಯ ಇದೇ. ಯಜ್ಞವೇದಿ ಕಟ್ಟುವವರಿಗಾಗಿ ಬೌಧಾಯನರ ಶುಲ್ಬಸೂತ್ರ ಎಂಬ ಪ್ರಾಚೀನ ಗ್ರಂಥ ಇದನ್ನೇ ಹಗ್ಗದ ಲೆಕ್ಕದಲ್ಲಿ ಹೇಳಿದೆ. ಅಲ್ಲಿಯೂ ಮೂಲೆಯದೇ ಚಿಂತೆ!

ಬಡಗಿಗಳು ಬಾಗಿಲಿನ ಚೌಕಟ್ಟನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯುತ್ತಾರೆ. ಆ ಅಡ್ಡಗೆರೆಯೇ ಕರ್ಣ. ಎದುರುಬದುರಿನ ಬಾಹುಗಳು ಸಮವಿದ್ದು, ಕರ್ಣಗಳೂ ಸಮವಾದರೆ ಅದು ಆಯತ. ಕರ್ಣಗಳು ಹೆಚ್ಚುಕಡಿಮೆಯಾದರೆ ಮೂಲೆ ಕೆಟ್ಟಿದೆ ಎಂದೇ ಅರ್ಥ.

ವೃತ್ತ, ತ್ರಿಜ್ಯ, ವ್ಯಾಸ ಇವುಗಳನ್ನೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಬಳೆಗೆ ಮೂಲೆಯಿಲ್ಲ, ಇವತ್ತಿಗೆ ಬಿಡೋಣ. ಸೋಮನಾಥಪುರಕ್ಕೆ ಪ್ರವಾಸ ಹೋದರೆ ಅಲ್ಲಿನ ಕೇಶವ ದೇವಾಲಯದ ಗರ್ಭಗುಡಿಗಳ ಹೊರಗೋಡೆಯ ಹದಿನಾರು ಮೊನೆಗಳ ನಕ್ಷತ್ರವನ್ನು ನೋಡಿ. ನಾಲ್ಕು ಸಮ ಚೌಕಗಳನ್ನು ಒಂದೇ ಕೇಂದ್ರದ ಸುತ್ತ ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸಿಟ್ಟರೆ ಅಂಥದೇ ಹದಿನಾರು ಮೂಲೆಗಳು ಬರುತ್ತವೆ. ಶಿಕ್ಷಕರು ಬಸ್ಸು ಹೊರಟಿತೆಂದು ಮಕ್ಕಳನ್ನು ಅವಸರ ಪಡಿಸಬಾರದು.

ಕೋನಮಾಪಕ ಕಳೆದುಹೋಗಿದೆಯೇ? ಗದರಬೇಡಿ. ಹೇಗಾದರೂ ಹರಿದ ಕಾಗದದ ಚೂರು ತೆಗೆದುಕೊಳ್ಳಿ. ಒಮ್ಮೆ ಮಡಿಸಿ, ನೇರ ರೇಖೆ ಬಂತು. ಆ ಮಡಿಕೆ ತನ್ನ ಮೇಲೆಯೇ ಕೂರುವಂತೆ ಇನ್ನೊಮ್ಮೆ ಮಡಿಸಿ, ಲಂಬಕೋನ ಬಂತು. ಅದನ್ನು ಹಿಡಿದು ಕಿಟಕಿ, ಕಪಾಟು, ಕ್ಯಾಲೆಂಡರು, ಕೋಣೆಯ ಗೋಡೆಗಳನ್ನೆಲ್ಲ ಇವತ್ತೇ ಪರೀಕ್ಷಿಸಿ. ಓರೆ ಕಂಡರೆ ಮೇಸ್ತ್ರಿಗೆ ಫೋನ್ ಮಾಡಬೇಡಿ, ಈಗ ತಡವಾಗಿದೆ. ನಮಸ್ಕಾರ.