ರಸ್ತೆ ಇಲ್ಲಿ ಯಾಕೆ ತಿರುಗಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಅಂತ ನಮ್ಮ ಗಾದೆ ಕೇಳುತ್ತದೆ. ನನ್ನ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ. ಯಾವ ನಗರಕ್ಕಾದರೂ ಹೋಗಿ, ಅಲ್ಲಿ ಹಿಂದೆ ನೀರು ಎಲ್ಲಿ ಹರಿಯುತ್ತಿತ್ತು ಅಂತ ಹುಡುಕಿ. ಅರ್ಧ ಊರು ಅಲ್ಲೇ ಅರ್ಥವಾಗುತ್ತದೆ.

ನಾನು ನಗರ ಯೋಜನೆಯ ಪಾಠ ಮಾಡುವವಳು. 22 ವರ್ಷವಾಯಿತು. ಕೆಲಸದ ಮೇಲೆ ಎಲ್ಲಿಗೆ ಹೋದರೂ ಕೊನೆಗೆ ಅರ್ಧ ದಿನ ಉಳಿಸಿಕೊಳ್ಳುತ್ತೇನೆ. ಆ ಅರ್ಧ ದಿನ ಒಬ್ಬಳೇ ನಡೆಯುತ್ತೇನೆ. ಗೈಡ್ ಬೇಡ, ಗುಂಪು ಬೇಡ, ಟಿಕೆಟ್ ಬೇಡ. ಅರಮನೆ, ಮ್ಯೂಸಿಯಂ, ದೊಡ್ಡ ಚೌಕ ಇರುವ ಕಡೆ ಹೋಗುವುದಿಲ್ಲ. ಜನ ಸುಮ್ನೆ ತಮ್ಮ ಪಾಡಿಗೆ ತಾವು ಬದುಕಿಕೊಂಡಿರುವ ಬೀದಿಗಳಿಗೆ ಹೋಗುತ್ತೇನೆ. "ಅಲ್ಲಿ ನೋಡೋದಕ್ಕೆ ಏನಿದೆ?" ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ದಯವಿಟ್ಟು ಆ ಪ್ರಶ್ನೆ ಬಿಟ್ಟುಬಿಡಿ. ಬದಲಿಗೆ ಇನ್ನೊಂದು ಪ್ರಶ್ನೆ ಕೊಡುತ್ತೇನೆ, ಅದೊಂದನ್ನು ತಲೆಯಲ್ಲಿಟ್ಟುಕೊಂಡು ಹೊರಡಿ.

ರಸ್ತೆ ಇಲ್ಲಿ ಯಾಕೆ ತಿರುಗಿತು?

ಅಷ್ಟೇ. ಮುಂದೆ ನಾನು ಹೇಳುವುದೆಲ್ಲ ಮರೆತು ಹೋದರೂ ಪರವಾಗಿಲ್ಲ, ಈ ಪ್ರಶ್ನೆ ನೆನಪಿಟ್ಟುಕೊಳ್ಳಿ.

ರಸ್ತೆಯನ್ನು ಯಾರೂ ಬೇಕು ಅಂತ ಸೊಟ್ಟ ಮಾಡುವುದಿಲ್ಲ. ನೆಟ್ಟಗೆ ಹೋದರೆ ದೂರ ಕಡಿಮೆ, ಕಲ್ಲು ಕಡಿಮೆ, ಕೂಲಿಯೂ ಕಡಿಮೆ. ಆದರೂ ತಿರುಗಿದೆ ಅಂದರೆ ಅಲ್ಲಿ ಏನೋ ಅಡ್ಡ ಇತ್ತು. ಹಳ್ಳ ಇರಬಹುದು, ಕೋಟೆ ಗೋಡೆ ಇರಬಹುದು, ದಿಬ್ಬ ಇರಬಹುದು, ಯಾರದೋ ಹೊಲದ ಬದು ಇರಬಹುದು. ಅದು ಹೋಗಿ ಎಷ್ಟೋ ಕಾಲವಾಗಿರುತ್ತದೆ, ತಿರುವು ಮಾತ್ರ ಹಾಗೇ ಇರುತ್ತದೆ. ಯಾಕೆ ಅಂದರೆ ರಸ್ತೆಯ ಎರಡೂ ಬದಿಗೆ ಸೈಟುಗಳಿರುತ್ತವೆ. ಒಂದು ಮನೆ ಬಿದ್ದರೆ ಅದೇ ಅಳತೆಯಲ್ಲಿ ಇನ್ನೊಂದು ಏಳುತ್ತದೆ. ಒಂದಡಿ ಜಾಗ ಬಿಟ್ಟುಕೊಡು ಅಂದರೆ ಯಾರು ತಾನೇ ಒಪ್ಪುತ್ತಾರೆ? 1666ರಲ್ಲಿ ಲಂಡನ್ನಿನ ದೊಡ್ಡ ಭಾಗ ಬೆಂಕಿಗೆ ಆಹುತಿಯಾಯಿತು. ಕ್ರಿಸ್ಟೋಫರ್ ರೆನ್ ಅನ್ನುವ ವಾಸ್ತುಶಿಲ್ಪಿ ಕೆಲವೇ ದಿನಗಳಲ್ಲಿ ನೆಟ್ಟಗಿನ, ಅಗಲವಾದ ರಸ್ತೆಗಳ ನಕ್ಷೆ ಬರೆದು ರಾಜನ ಮುಂದಿಟ್ಟರು. ಆಗಲಿಲ್ಲ. ಬೂದಿಯ ಮೇಲೆ ಜನ ತಮ್ಮ ತಮ್ಮ ಗಡಿ ಗುರುತಿಸಿಕೊಂಡು ಮನೆ ಕಟ್ಟಿದರು, ರಸ್ತೆಗಳು ಹೆಚ್ಚುಕಡಿಮೆ ಹಳೆಯ ಸಾಲಿನಲ್ಲೇ ಬಂದವು.

ನ್ಯೂಯಾರ್ಕ್ ನೋಡಿ. 1811ರಲ್ಲಿ ಮ್ಯಾನ್‌ಹಟನ್ನಿಗೆ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಒಂದು ನಕ್ಷೆ ಮಾಡಿದರು. ಎಲ್ಲ ಚೌಕ ಚೌಕ. ಆದರೆ ಗ್ರೀನಿಚ್ ವಿಲೇಜ್ ಕಡೆ ಹೋದರೆ ಮಿನೆಟ್ಟಾ ಸ್ಟ್ರೀಟ್ ಅಂತ ಒಂದು ಪುಟ್ಟ ಓಣಿ ಬಿಲ್ಲಿನ ಹಾಗೆ ಬಾಗಿದೆ. ಅಲ್ಲಿ ಮಿನೆಟ್ಟಾ ಅನ್ನುವ ತೊರೆ ಹರಿಯುತ್ತಿತ್ತು. ಬ್ರಾಡ್‌ವೇ ಆ ಚೌಕಗಳನ್ನೆಲ್ಲ ಓರೆಯಾಗಿ ಸೀಳಿಕೊಂಡು ಹೋಗುತ್ತದಲ್ಲ, ಅದು ಈ ನಕ್ಷೆ ಬರುವ ಮೊದಲೇ ಇದ್ದ ಹಳೆಯ ದಾರಿ. ನಕ್ಷೆ ಮಾಡಿದವರಿಗೂ ಅದನ್ನು ಅಳಿಸಲಾಗಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ನಡಿಗೆಯ ಕಥೆ ಹೇಳುತ್ತೇನೆ.

ಲಂಡನ್ ಅಂದರೆ ಎಲ್ಲರಿಗೂ ಥೇಮ್ಸ್ ಗೊತ್ತು. ಅಲ್ಲಿ ಫ್ಲೀಟ್ ಅಂತ ಇನ್ನೊಂದು ನದಿ ಇದೆ. ಇತ್ತು ಅಂತ ನಾನು ಹೇಳುವುದಿಲ್ಲ, ಇದೆ. ಊರಿನ ಉತ್ತರದ ಹ್ಯಾಂಪ್‌ಸ್ಟೆಡ್ ದಿಬ್ಬದಲ್ಲಿ ಹುಟ್ಟಿ, ದಕ್ಷಿಣಕ್ಕೆ ಇಳಿದು, ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯ ಕೆಳಗೆ ಥೇಮ್ಸ್ ಸೇರುತ್ತದೆ. ಮೇಲಿನ ಕೆರೆಗಳನ್ನು ಬಿಟ್ಟರೆ ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಊರು ಬೆಳೆದ ಹಾಗೆ ಕಸ, ಕೊಳೆ, ಮಾಂಸದ ಅಂಗಡಿಗಳ ತ್ಯಾಜ್ಯ ಎಲ್ಲ ಅದರ ಪಾಲಾಯಿತು. ನಾತ ತಡೆಯಲಾಗದೆ 1730ರ ದಶಕದಲ್ಲಿ ಒಂದಷ್ಟು ಮುಚ್ಚಿದರು, 1760ರ ದಶಕದಲ್ಲಿ ಇನ್ನೊಂದಷ್ಟು, 19ನೇ ಶತಮಾನದಲ್ಲಿ ಉಳಿದದ್ದು. ಈಗ ಅದು ನೆಲದಡಿಯ ಒಳಚರಂಡಿ.

ನಾನು ಕಿಂಗ್ಸ್ ಕ್ರಾಸ್ ರೈಲು ನಿಲ್ದಾಣದಿಂದ ಹೊರಟೆ. ಆ ಜಾಗಕ್ಕೆ ಹಿಂದೆ ಬ್ಯಾಟಲ್ ಬ್ರಿಡ್ಜ್ ಅಂತ ಹೆಸರಿತ್ತು. ಬ್ರಿಡ್ಜ್ ಅಂದ ಮೇಲೆ ಕೆಳಗೆ ನೀರಿರಬೇಕು, ಅಲ್ವಾ? ಹೆಸರುಗಳು ಹೀಗೆ ಗುಟ್ಟು ಬಿಟ್ಟುಕೊಡುತ್ತವೆ. ನಿಲ್ದಾಣಕ್ಕೆ ಬರುವವರೆಲ್ಲ ರೈಲು ಹತ್ತುವ ಅವಸರದಲ್ಲಿರುತ್ತಾರೆ. ನಾನು ಅದಕ್ಕೆ ಬೆನ್ನು ಮಾಡಿ ಕಿಂಗ್ಸ್ ಕ್ರಾಸ್ ರೋಡ್ ಹಿಡಿದೆ. ಆ ರಸ್ತೆ ಹಾವಿನ ಹಾಗೆ ಹೊರಳುತ್ತದೆ. ಯಾಕೆ ಹೊರಳುತ್ತದೆ ಅಂತ ಈಗ ನೀವೇ ಹೇಳಬಲ್ಲಿರಿ. ಅಲ್ಲಿಂದ ಮುಂದೆ ಬೀದಿ ಹೆಸರಿನ ಫಲಕಗಳನ್ನೂ ಓದಿಕೊಂಡು ಹೋಗಬೇಕು. ಫಲಕದ ಮೇಲೆ ಸ್ಥಳೀಯ ಆಡಳಿತದ ಹೆಸರೂ ಇರುತ್ತದೆ. ಒಂದು ಕಡೆ ಕ್ಯಾಮ್ಡನ್, ಇನ್ನೊಂದು ಕಡೆ ಇಸ್ಲಿಂಗ್ಟನ್. ಹಿಂದೆ ನದಿಯೇ ಗಡಿಯಾಗಿತ್ತು, ನದಿ ಮುಚ್ಚಿದರೂ ಗಡಿ ಅಲ್ಲೇ ಉಳಿಯಿತು.

ಇನ್ನೂ ಸ್ವಲ್ಪ ಮುಂದೆ ವಾರ್ನರ್ ಸ್ಟ್ರೀಟ್. ಅಲ್ಲಿ ನಿಂತರೆ ಪಕ್ಕದ ಬೀದಿಗಳೆಲ್ಲ ನಿಮ್ಮ ಕಡೆಗೇ ಇಳಿದು ಬರುತ್ತವೆ. ರೋಸ್ಬರಿ ಅವೆನ್ಯೂ ಅನ್ನುವ ದೊಡ್ಡ ರಸ್ತೆ ನಿಮ್ಮ ತಲೆಯ ಮೇಲೆ ಸೇತುವೆಯಾಗಿ ದಾಟಿ ಹೋಗುತ್ತದೆ, ಅದಕ್ಕೆ ಹತ್ತಲು ಮೆಟ್ಟಿಲಿದೆ. ಅಂದರೆ ನೀವು ನಿಂತಿರುವುದು ಕಣಿವೆಯ ತಳದಲ್ಲಿ. ಇಷ್ಟು ದೊಡ್ಡ ನಗರದ ನಡುವೆ ಕಣಿವೆಯಲ್ಲಿ ನಿಂತಿದ್ದೇನೆ ಅಂತ ನನಗೆ ಕಾಲಿಗೆ ಗೊತ್ತಾಯಿತು, ಕಣ್ಣಿಗೆ ಆಮೇಲೆ.

ಅಲ್ಲಿಂದ ರೇ ಸ್ಟ್ರೀಟ್. ಬೆಳಗ್ಗೆ ಏಳು ಗಂಟೆ. ಪಬ್ಬೊಂದರ ಮುಂದೆ ರಸ್ತೆಯಲ್ಲೇ ಒಂದು ಕಬ್ಬಿಣದ ಜಾಲರಿ ಇದೆ. ಬೇರೆ ಯಾವ ಚರಂಡಿಯ ಜಾಲರಿಗೂ ಅದಕ್ಕೂ ನೋಡಲು ವ್ಯತ್ಯಾಸವಿಲ್ಲ. ಸರಳುಗಳ ಅಂಚು ಚಕ್ರ ಉಜ್ಜಿ ಉಜ್ಜಿ ನುಣ್ಣಗಾಗಿತ್ತು, ಎರಡು ಸರಳಿನ ನಡುವೆ ಒದ್ದೆ ಎಲೆಯೊಂದು ಸಿಕ್ಕಿಕೊಂಡಿತ್ತು. ಮೊದಲು ಏನೂ ಕೇಳಿಸಲಿಲ್ಲ. ಹತ್ತಿರದಲ್ಲೇ ಒಂದು ವ್ಯಾನು ಎಂಜಿನ್ ಆರಿಸದೆ ನಿಂತಿತ್ತು. ಕಾದೆ. ವ್ಯಾನು ಹೋಯಿತು. ಮಂಡಿಯೂರಿ ಬಗ್ಗಿದೆ. ಮೊದಲು ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಆಮೇಲೆ ಸದ್ದು. ತೊಟ್ಟಿಕ್ಕುವ ಸದ್ದಲ್ಲ. ಕೆರೆಯ ತೂಬು ಎತ್ತಿದಾಗ ದೂರದಿಂದ ಕೇಳುತ್ತದಲ್ಲ, ಒಂದೇ ಸಮನೆ ನುಗ್ಗುವ ನೀರು, ಆ ಸದ್ದು. ಆ ಕತ್ತಲಲ್ಲಿ ನದಿ ಹೋಗುತ್ತಲೇ ಇತ್ತು. ಅಷ್ಟೊಂದು ವರ್ಷ ಪಾಠದಲ್ಲಿ ಹೇಳಿದ್ದನ್ನು ಅವತ್ತು ಕಿವಿಯಾರೆ ಕೇಳಿದೆ. ಮೈ ಜುಮ್ಮೆಂದಿತು.

ಎದ್ದು ನಿಂತರೆ ಪಕ್ಕದಲ್ಲಿ ನಾಯಿ ಹಿಡಿದುಕೊಂಡ ಒಬ್ಬ ವಯಸ್ಸಾದವರು. "ಕೇಳಿಸಿತಾ?" ಅಂದರು. ಹೌದು ಅಂದೆ. "ಜೋರು ಮಳೆಯಾದ ಮಾರನೇ ದಿನ ಬನ್ನಿ, ಇನ್ನೂ ಚೆನ್ನಾಗಿ ಕೇಳುತ್ತದೆ" ಅಂದು ನಾಯಿ ಎಳೆದ ಕಡೆ ಹೊರಟುಬಿಟ್ಟರು. ಗೈಡ್ ಕರೆದುಕೊಂಡು ಹೋಗಿದ್ದರೆ ಈ ಮಾತು ಸಿಗುತ್ತಿತ್ತಾ?

ಅಲ್ಲಿಂದ ಸ್ವಲ್ಪ ದೂರದಲ್ಲಿ ಫ್ಯಾರಿಂಗ್‌ಡನ್ ಲೇನ್. ಒಂದು ಕಟ್ಟಡದ ಗಾಜಿನ ಕಿಟಕಿಗೆ ಹಣೆ ಒತ್ತಿ ನೋಡಿದರೆ ಒಳಗೆ ಹಳೆಯ ಬಾವಿ ಕಾಣುತ್ತದೆ. ಕ್ಲರ್ಕನ್‌ವೆಲ್ ಅಂತ ಆ ಭಾಗಕ್ಕೆ ಹೆಸರು ಬಂದದ್ದೇ ಈ ಬಾವಿಯಿಂದ. ಬಾವಿ ಎಲ್ಲಿದೆ ಅಂತ ಊರಿಗೇ ಮರೆತು ಹೋಗಿತ್ತು, 1924ರಲ್ಲಿ ಮತ್ತೆ ಸಿಕ್ಕಿತು. ಆ ಮೇಲೆ ಸ್ಯಾಫ್ರನ್ ಹಿಲ್ ಅನ್ನುವ ಬೀದಿ. ಅಲ್ಲಿ ಹಿಂದೆ ಕೇಸರಿ ಬೆಳೆಯುತ್ತಿದ್ದರು. ಅದರ ಪಕ್ಕದಲ್ಲೇ ಪ್ರಪಂಚದ ಮೊದಲ ಸುರಂಗ ರೈಲಿನ ದಾರಿ. 1863ರಲ್ಲಿ ಅದು ಶುರುವಾಯಿತು. ಅದರ ಹಿಂದಿನ ವರ್ಷ, ಇನ್ನೂ ಅಗೆಯುತ್ತಿದ್ದಾಗ, ಈ ಫ್ಲೀಟ್ ನದಿ ತನ್ನ ಕೊಳವೆ ಒಡೆದುಕೊಂಡು ಸುರಂಗಕ್ಕೆ ನುಗ್ಗಿತ್ತು. ಮುಚ್ಚಿಟ್ಟ ಮಾತ್ರಕ್ಕೆ ನದಿ ಸತ್ತಿರಲಿಲ್ಲ.

ಇನ್ನೂ ಕೆಳಗೆ ಹೋಬರ್ನ್ ವಯಡಕ್ಟ್ ಸಿಗುತ್ತದೆ. 1869ರಲ್ಲಿ ವಿಕ್ಟೋರಿಯಾ ರಾಣಿ ಉದ್ಘಾಟನೆ ಮಾಡಿದ ಭಾರಿ ಸೇತುವೆ. ಕೆಳಗೆ ನೋಡಿದರೆ ನೀರಿಲ್ಲ, ಬಸ್ಸು ಕಾರು ಓಡುತ್ತವೆ. ಫ್ಲೀಟ್ ನದಿಯ ಕಣಿವೆ ದಾಟುವುದಕ್ಕೆ ಕಟ್ಟಿದ್ದು ಅದು. ಅದರ ಹತ್ತಿರವೇ ಟರ್ನ್‌ಅಗೇನ್ ಲೇನ್ ಅಂತ ಒಂದು ಓಣಿ. ತಿರುಗಿ ಹೋಗುವ ಓಣಿ. ಹಿಂದೆ ಆ ಓಣಿ ಸೀದಾ ನದಿಯ ದಡಕ್ಕೆ ಹೋಗಿ ನಿಲ್ಲುತ್ತಿತ್ತು, ಅಲ್ಲಿ ಸೇತುವೆ ಇರಲಿಲ್ಲ, ಬಂದವರು ತಿರುಗಿ ಹೋಗಬೇಕಿತ್ತು. ಈಗ ದಡವೂ ಇಲ್ಲ, ನೀರೂ ಕಾಣುವುದಿಲ್ಲ, ಹೆಸರು ಮಾತ್ರ ಬಂದವರನ್ನು ಇನ್ನೂ ತಿರುಗಿ ಹೋಗಿ ಅನ್ನುತ್ತಿದೆ.

ಈ ನಡಿಗೆಗೆ ನನಗೆ ಮೂರು ಗಂಟೆ ಹಿಡಿಯಿತು. ಖರ್ಚು ಏನೂ ಇಲ್ಲ. ರಸ್ತೆ ತಿರುಗಿದಲ್ಲೆಲ್ಲ ಯಾಕೆ ಅಂತ ಕೇಳಿದೆ, ಅಷ್ಟೇ ನಾನು ಮಾಡಿದ್ದು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಿರುವಿಗೆ ನೀರು ಕಾರಣವಲ್ಲದಿದ್ದರೆ ಗೋಡೆ ಇರಬಹುದು. ವಿಯೆನ್ನಾಕ್ಕೆ ಹೋದವರೆಲ್ಲ ರಿಂಗ್ ರಸ್ತೆ ನೋಡುತ್ತಾರೆ. 1857ರಲ್ಲಿ ಚಕ್ರವರ್ತಿ ಕೋಟೆ ಕೆಡವಲು ಹೇಳಿದ ಮೇಲೆ ಆ ಜಾಗದಲ್ಲಿ ಬಂದ ರಸ್ತೆ ಅದು. ಅದರಾಚೆ ಗುರ್ಟಲ್ ಅಂತ ಎರಡನೇ ಸುತ್ತು ರಸ್ತೆ ಇದೆ, ಅಲ್ಲಿಗೆ ಪ್ರವಾಸಿಗಳು ಅಷ್ಟಾಗಿ ಹೋಗುವುದಿಲ್ಲ. ಅಲ್ಲೂ ಒಂದು ಗೋಡೆ ಇತ್ತು. ಒಳಗೆ ಬರುವ ದಿನಸಿಗೆ ಅಲ್ಲಿ ಸುಂಕ ಕಟ್ಟಬೇಕಿತ್ತು. ಹಾಗಾಗಿ ಗೋಡೆಯಾಚೆ ಬದುಕು ಅಗ್ಗ, ಕೂಲಿಕಾರರು ಅಲ್ಲೇ ನೆಲೆಸಿದರು. ಗುರ್ಟಲ್ ದಾಟಿ ಒಟ್ಟಾಕ್ರಿಂಗ್ ಕಡೆ ಹೋದರೆ ಆ ಬೀದಿಗಳೇ ಸಿಗುತ್ತವೆ. ಪ್ಯಾರಿಸ್‌ನಲ್ಲಿ ಬಿಯೆವ್ರ್ ಅಂತ ಒಂದು ನದಿ, ಚರ್ಮ ಹದ ಮಾಡುವವರೂ ಬಣ್ಣ ಹಾಕುವವರೂ ಅದರ ದಡದಲ್ಲಿದ್ದರು. ನಗರದೊಳಗೆ 1912ರ ಹೊತ್ತಿಗೆ ಅದನ್ನು ಪೂರ್ತಿ ಮುಚ್ಚಿದರು. ಈಗ 13ನೇ ವಾರ್ಡಿನಲ್ಲಿ ಗೋಬ್ಲಾಂ ನೇಯ್ಗೆ ಕಾರ್ಖಾನೆಯ ಹಿಂದೆ ಬಾಗಿದ ಒಂದು ಬೀದಿ ಇದೆ, ಅದೇ ನದಿ. ಬಾರ್ಸಿಲೋನಾದಲ್ಲಿ ಉದ್ದುದ್ದ ನೇರ ರಸ್ತೆಗಳು ಇದ್ದಕ್ಕಿದ್ದ ಹಾಗೆ ಇಕ್ಕಟ್ಟಾದ ಗಲ್ಲಿಗಳಾದರೆ ನೀವು ಗ್ರಾಸಿಯಾ ತಲುಪಿದ್ದೀರಿ. 1897ರವರೆಗೂ ಅದು ಬೇರೆಯೇ ಊರು.

ಇನ್ನು ನಡೆಯುವ ರೀತಿ. ಫೋನನ್ನು ಬ್ಯಾಗಿಗೆ ಹಾಕಿ. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಮ್ಯಾಪಿನ ನೀಲಿ ಚುಕ್ಕೆ ನೋಡಿಕೊಂಡು ನಡೆದವರು ಚುಕ್ಕೆಯನ್ನು ನೋಡಿರುತ್ತಾರೆ, ಬೀದಿಯನ್ನಲ್ಲ. ಬಸ್ಸೋ ಟ್ರಾಮೋ ಹತ್ತಿ ಕೊನೆಯ ಸ್ಟಾಪಿಗೆ ಹೋಗಿ ಇಳಿಯಿರಿ, ಅಲ್ಲಿಂದ ಊರಿನ ನಡುವಿಗೆ ನಡೆದು ಬನ್ನಿ. ಕವಲು ಬಂದಾಗ ಯಾವ ಕಡೆ ಅಂತ ತಿಳಿಯದಿದ್ದರೆ ಇಳಿಜಾರಿನ ಕಡೆ ಹೋಗಿ, ನೀರೂ ಅದೇ ಕಡೆ ಹೋಗಿತ್ತು. ಜನರ ಮನೆ ಬಾಗಿಲಿಗೆ ಕ್ಯಾಮೆರಾ ಹಿಡಿಯಬೇಡಿ. ಕಟ್ಟೆ ಮೇಲೆ ಕೂತ ಹಿರಿಯರು ಕಂಡರೆ ಈ ರಸ್ತೆ ಇಲ್ಲಿ ಯಾಕೆ ತಿರುಗಿತು ಅಂತ ಅವರನ್ನೇ ಕೇಳಿ. ಹೊರಡುವುದಾದರೆ ಬೆಳಗ್ಗೆ ಬೇಗ ಹೊರಡಿ, ಗಾಡಿಗಳ ಗಲಾಟೆ ಶುರುವಾಗುವ ಮೊದಲು. ಆ ಹೊತ್ತಿನಲ್ಲಿ ರಸ್ತೆಯ ಜಾಲರಿಗೆ ಕಿವಿಗೊಟ್ಟರೆ ಕೇಳಿಸುತ್ತದೆ.

ನಮಸ್ಕಾರ.